ಒಲೆ ಲೆಕ್ಕಕ್ಕೆ ಸಿಕ್ಕಿತು, ಹೊಗೆ ಕೊಳವೆ ಯಾರ ಲೆಕ್ಕ?

ಕಳೆದ ಚಳಿಗಾಲದಲ್ಲಿ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೂರು ವರ್ಷಕ್ಕೂ ಹಳೆಯದಾದ ಇಟ್ಟಿಗೆ ಮನೆ ತಗೊಂಡಿದ್ದಾನೆ. ಹಾಲ್‌ನಲ್ಲಿ ಸೌದೆ ಒಲೆ ಹಾಕಿಸಿದ್ದಾನೆ, ಅಡುಗೆಗಲ್ಲ, ಚಳಿ ಕಾಯಿಸೋಕೆ. ಕಳಿಸಿದ್ದು ಮಾತ್ರ ಒಲೆಯ ಫೋಟೋ ಅಲ್ಲ, ಬಿಲ್ಲಿನದು. ಕೆಳಗೆ ಒಂದು ಸಾಲು: 'ಒಲೆಗಿಂತ ಕೊಳವೆಗೇ ಜಾಸ್ತಿ ಆಯ್ತು ಮಗಾ.'

ಅದೇ ತಿಂಗಳು ನಾನು ತೀರ್ಥಹಳ್ಳಿ ಕಡೆಯ ದೊಡ್ಡಮ್ಮನ ಮನೆಯಲ್ಲಿದ್ದೆ. ಅಡುಗೆಮನೆಯಲ್ಲಿ ಗ್ಯಾಸ್ ಇದೆ. ಆದರೆ ಸ್ನಾನದ ಹಂಡೆ ಕಾಯೋದು, ದನಗಳಿಗೆ ಕಲಗಚ್ಚು ಬೇಯೋದು, ನೆಂಟರು ಬಂದಾಗ ದೊಡ್ಡ ಪಾತ್ರೆಯ ಅಡುಗೆ, ಎಲ್ಲವೂ ಸೌದೆಯಲ್ಲೇ. ಅಡುಗೆಮನೆಯ ಮೂಲೆಯಲ್ಲಿ 90ರ ದಶಕದಲ್ಲಿ ಸರ್ಕಾರದ ಸ್ಕೀಮಿನಲ್ಲಿ ಕಟ್ಟಿದ 'ಹೊಗೆರಹಿತ ಒಲೆ' ಇನ್ನೂ ಇದೆ. ಅದರ ಕೊಳವೆ ಇಲ್ಲ. ಹೆಂಚಿನಲ್ಲಿ ಕೊಳವೆ ಹೋಗಿದ್ದ ಜಾಗಕ್ಕೆ ತಗಡು ಮುಚ್ಚಿದ್ದಾರೆ. ಯಾಕೆ ಅಂತ ಕೇಳಿದೆ. 'ಎರಡು ಮಳೆಗಾಲ ಚೆನ್ನಾಗಿತ್ತು ಮಾರಾಯ. ಆಮೇಲೆ ಮಸಿ ಕಟ್ಟಿ ಹೊಗೆ ವಾಪಸ್ ಒಳಗೇ ಬರೋಕೆ ಶುರುವಾಯ್ತು. ಹೆಂಚಿನ ಸಂದಿಯಿಂದ ನೀರೂ ಸೋರ್ತಿತ್ತು. ಕಿತ್ತು ಹಾಕಿದ್ವಿ' ಅಂದರು. ದೊಡ್ಡಮ್ಮನಿಗೆ ಈಗ ಅರವತ್ತೆಂಟು. ಮೆಟ್ಟಿಲು ಹತ್ತಿದರೆ ಏದುಸಿರು. ಬೀಡಿ, ಸಿಗರೇಟು ಮುಟ್ಟಿದವರಲ್ಲ.

ಈ ಎರಡು ಕೊಳವೆಗಳ ನಡುವಿನ ವ್ಯತ್ಯಾಸ ಬರೀ ದುಡ್ಡಿನದು ಅಂತ ನನಗನಿಸಲ್ಲ. ಅದು ಆಡಳಿತದ್ದು.

ಕೊಳವೆ ಅಂದರೆ ತೂತಲ್ಲ

ಒಲೆಯ ಕೊಳವೆ ಕೆಲಸ ಮಾಡೋದು ಸರಳ ಭೌತಶಾಸ್ತ್ರದಿಂದ. ಬಿಸಿ ಹೊಗೆ ಹಗುರ, ಮೇಲೇರುತ್ತದೆ. ಏರುವಾಗ ಒಲೆಯ ಬಾಯಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೊಳವೆ ಎತ್ತರವಿದ್ದಷ್ಟು, ಒಳಗೆ ಬಿಸಿ ಇದ್ದಷ್ಟು ಸೆಳೆತ ಜಾಸ್ತಿ. ಕೊಳವೆ ತಣ್ಣಗಾದರೆ ಹೊಗೆಯೊಳಗಿನ ನೀರು ಮತ್ತು ಟಾರು ಗೋಡೆಗೆ ಅಂಟುತ್ತವೆ. ಹಸಿ ಸೌದೆಯಾದರೆ ಇನ್ನೂ ಬೇಗ. ದಾರಿ ಕಿರಿದಾಗುತ್ತಾ ಹೋಗಿ ಒಂದು ದಿನ ಹೊಗೆ ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ದೊಡ್ಡಮ್ಮನ ಮನೆಯಲ್ಲಿ ಆಗಿದ್ದು ಇಷ್ಟೇ.

ಲೀಡ್ಸ್‌ನ ಹಳೇ ಮನೆಯಲ್ಲೂ ಇದೇ ಸಮಸ್ಯೆ, ಅಪಾಯ ಮಾತ್ರ ಇನ್ನೊಂದು ಬಗೆಯದು. ಹಳೆಯ ಇಟ್ಟಿಗೆ ಚಿಮಣಿಯ ಗಾರೆ ಉದುರಿ ಸಂದಿ ಬಿಟ್ಟಿರುತ್ತದೆ. ಆ ಸಂದಿಯಿಂದ ಕಾರ್ಬನ್ ಮಾನಾಕ್ಸೈಡ್ ಮೇಲಿನ ಬೆಡ್‌ರೂಮಿಗೆ ಸೋರಬಹುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಅಂಟಿಕೊಂಡ ಟಾರಿಗೆ ಬೆಂಕಿ ಹತ್ತಿದರೆ ಚಿಮಣಿಯೇ ಉರಿಯುತ್ತದೆ. ಅದಕ್ಕೇ ಹಳೇ ಚಿಮಣಿಯೊಳಗೆ ತುದಿಯಿಂದ ಬುಡದವರೆಗೆ ಬಾಗುವ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಇಳಿಸುತ್ತಾರೆ. ಅಗಲ ಸಾಮಾನ್ಯವಾಗಿ 125 ಇಲ್ಲವೇ 150 ಮಿಲಿಮೀಟರ್. ಶಾಖ ಹೋಗದಂತೆ ಸುತ್ತ ಹೊದಿಕೆ, ಮಳೆ ಮತ್ತು ಹಕ್ಕಿ ಬರದಂತೆ ತುದಿಗೆ ಟೋಪಿ. ಕೊನೆಗೆ ಹೊಗೆ ಬಿಟ್ಟು ಪರೀಕ್ಷೆ.

ಇದನ್ನೆಲ್ಲ ಯಾರು ಬೇಕಾದರೂ ಮಾಡಿ ಕೈತೊಳೆದುಕೊಳ್ಳೋಕೆ ಆಗಲ್ಲ. ಇಂಗ್ಲೆಂಡಿನ ಕಟ್ಟಡ ನಿಯಮಗಳಲ್ಲಿ 'ಜೆ' ಅನ್ನೋ ಭಾಗವೇ ಒಲೆ ಮತ್ತು ಚಿಮಣಿಗೆ ಮೀಸಲು. ಹೆಟಾಸ್‌ನಂಥ ಸಂಸ್ಥೆಗಳಲ್ಲಿ ನೋಂದಾಯಿತ ಕೆಲಸಗಾರ ಹಾಕಿ ಸರ್ಟಿಫಿಕೇಟ್ ಕೊಡಬೇಕು, ಇಲ್ಲವೇ ಸ್ಥಳೀಯ ಆಡಳಿತಕ್ಕೆ ತಿಳಿಸಿ ಪರೀಕ್ಷೆ ಮಾಡಿಸಬೇಕು. ಒಲೆ ಇರೋ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು. ವರ್ಷಕ್ಕೆ ಕನಿಷ್ಠ ಒಮ್ಮೆ ಚಿಮಣಿ ಗುಡಿಸೋನು ಬರಬೇಕು ಅನ್ನೋದು ಅಲ್ಲಿನ ರೂಢಿ.

ಅವರಿಗೂ ಸುಮ್ಮನೆ ಬಂದಿದ್ದಲ್ಲ

ಬಿಳಿಯರು ಶಿಸ್ತಿನವರು, ನಾವು ಹೀಗೇ ಅನ್ನೋ ತೀರ್ಮಾನಕ್ಕೆ ಬರಬೇಡಿ. ಇದೇ ಇಂಗ್ಲೆಂಡಿನಲ್ಲಿ ಪುಟ್ಟ ಹುಡುಗರನ್ನು ಚಿಮಣಿಯೊಳಗೆ ಹತ್ತಿಸಿ ಮಸಿ ಕೆರೆಸುತ್ತಿದ್ದರು. ಚಿಮಣಿ ಕೆಲಸಗಾರರಿಗೆ ಮಸಿಯಿಂದ ಕ್ಯಾನ್ಸರ್ ಬರುತ್ತದೆ ಅಂತ ಪರ್ಸಿವಲ್ ಪಾಟ್ ಎಂಬ ವೈದ್ಯ 1775ರಲ್ಲೇ ಬರೆದಿದ್ದ. 1788ರಲ್ಲಿ ಕಾನೂನು ಬಂತು. 1840ರ ಕಾನೂನು 21 ವರ್ಷದೊಳಗಿನವರು ಚಿಮಣಿ ಹತ್ತಬಾರದು ಅಂತ ಹೇಳಿತು. ಹುಡುಗರು ಹತ್ತುತ್ತಲೇ ಇದ್ದರು. ಚಿಮಣಿ ಗುಡಿಸೋರಿಗೆ ಪೊಲೀಸರಿಂದ ಲೈಸೆನ್ಸ್ ಕಡ್ಡಾಯವಾಗಿದ್ದು 1875ರಲ್ಲಿ. ಜವಾಬ್ದಾರಿ ಯಾರದು ಅಂತ ಹೆಸರು ಹಿಡಿದು ಹೇಳುವಂತಾದ ಮೇಲೇ ಆ ಪದ್ಧತಿ ನಿಂತಿತು.

ನಮ್ಮಲ್ಲಿ ಜ್ಞಾನ ಇರಲಿಲ್ಲವೇ?

ಇತ್ತು. ಅದೂ ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರು ಕಟ್ಟಿದ 'ಅಸ್ತ್ರ' ಕೇಂದ್ರ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಮೇಲೆ ಕೆಲಸ ಮಾಡಿತು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಒಂದೇ ಬೆಂಕಿಗೆ ಮೂರು ಪಾತ್ರೆ, ಸೌದೆ ಕಮ್ಮಿ, ಹೊಗೆ ಕೊಳವೆಯಲ್ಲಿ ಹೊರಗೆ. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಹೆಸರು ಗೊತ್ತಿರುತ್ತದೆ.

ಕೇಂದ್ರ ಸರ್ಕಾರ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. 2002ರಲ್ಲಿ ಅದು ಮುಗಿಯುವಷ್ಟರಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಕೊಟ್ಟಿದ್ದೇವೆ ಅಂತ ಲೆಕ್ಕ ಬಂತು. ಗುರಿ ಇದ್ದದ್ದು ಎಷ್ಟು ಒಲೆ ಕಟ್ಟಿದೆವು ಅನ್ನೋದಕ್ಕೆ. ಐದು ವರ್ಷದ ನಂತರ ಎಷ್ಟು ಕೊಳವೆಯಿಂದ ಹೊಗೆ ಹೊರಗೆ ಹೋಗುತ್ತಿದೆ ಅನ್ನೋದಕ್ಕೆ ಗುರಿಯೂ ಇರಲಿಲ್ಲ, ಅದನ್ನು ನೋಡೋಕೆ ಸಂಬಳದ ಮನುಷ್ಯನೂ ಇರಲಿಲ್ಲ.

ಇದರ ಫಲ ಏನು ಅಂತ ಒಡಿಶಾದ ಒಂದು ಅಧ್ಯಯನ ತೋರಿಸಿತು. ನೊಬೆಲ್ ಪಡೆದ ಎಸ್ತರ್ ಡುಫ್ಲೋ, ಜೊತೆಗೆ ರೀಮಾ ಹನ್ನಾ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಅಲ್ಲಿನ 44 ಹಳ್ಳಿಗಳಲ್ಲಿ ಚಿಮಣಿ ಇರುವ ಒಲೆ ಪಡೆದ ಕುಟುಂಬಗಳನ್ನು ನಾಲ್ಕು ವರ್ಷ ಗಮನಿಸಿದರು. ಮೊದಲ ವರ್ಷ ಒಳಗೆಳೆದುಕೊಳ್ಳುವ ಹೊಗೆ ಕಮ್ಮಿಯಾಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಆರೋಗ್ಯ ಸುಧಾರಿಸಲಿಲ್ಲ, ಸೌದೆಯೂ ಉಳಿಯಲಿಲ್ಲ. ಒಲೆಗಳು ಕೆಟ್ಟವು, ರಿಪೇರಿ ಆಗಲಿಲ್ಲ, ಬಳಕೆ ಇಳಿಯಿತು.

ಇದನ್ನು ಓದಿ 'ಜನ ಸರಿಯಾಗಿ ನೋಡಿಕೊಳ್ಳಲ್ಲ' ಅಂತ ಷರಾ ಬರೆಯೋದು ಸುಲಭ. ಆದರೆ ಯಾರು ನೋಡಿಕೊಳ್ಳಬೇಕಿತ್ತು? ಹೊಗೆ ಕುಡಿಯೋಳು ಹೆಂಗಸು. ಹೆಂಚು ಸರಿಸಿ ಮಾಡು ಹತ್ತುವ ಕೆಲಸ, ಮೇಸ್ತ್ರಿಗೆ ಕೂಲಿ ಕೊಡುವ ತೀರ್ಮಾನ ಗಂಡಸಿನ ಕೈಯಲ್ಲಿ. ಅವನ ಕಣ್ಣು ಉರಿಯುತ್ತಿಲ್ಲ.

ಗ್ಯಾಸ್ ಬಂತಲ್ಲ, ಇನ್ನೇನು?

ಗ್ಯಾಸ್ ಒಳ್ಳೆಯದು, ಅದರಲ್ಲಿ ಅನುಮಾನ ಬೇಡ. ಕೊಳವೆ ಹೊಗೆಯನ್ನು ಇಲ್ಲವಾಗಿಸಲ್ಲ, ಹೊರಗೆ ಕಳಿಸುತ್ತದೆ ಅಷ್ಟೇ. ಅಷ್ಟೆಲ್ಲ ಸರ್ಟಿಫಿಕೇಟ್ ಇರುವ ಬ್ರಿಟನ್ನಿನಲ್ಲೂ ಮನೆಗಳ ಸೌದೆ ಹೊಗೆಯಿಂದ ಊರಿನ ಗಾಳಿ ಕೆಡುತ್ತಿದೆ ಅನ್ನೋ ಚರ್ಚೆ ಜೋರಾಗಿದೆ. ಆದರೆ 2016ರ ಮೇನಲ್ಲಿ ಶುರುವಾದ ಉಜ್ವಲಾದಲ್ಲೂ ಹಳೇ ಕಾಯಿಲೆಯೇ ಇದೆ. ಹತ್ತು ಕೋಟಿ ಕನೆಕ್ಷನ್ ಅನ್ನೋ ಅಂಕಿ ಭಾಷಣದಲ್ಲಿ ಬರುತ್ತದೆ. ಉಜ್ವಲಾ ಮನೆಗಳು ವರ್ಷಕ್ಕೆ ತುಂಬಿಸಿಕೊಳ್ಳೋದು ಸರಾಸರಿ ನಾಲ್ಕರ ಆಸುಪಾಸು ಸಿಲಿಂಡರ್. ಅಂದರೆ ಒಂದು ಸಿಲಿಂಡರ್ ಮೂರು ತಿಂಗಳು ಬರಬೇಕು. ಉಳಿದ ದಿನ ಒಲೆ ಉರಿಯೋದು ಸೌದೆಯಲ್ಲೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು ದೇಶದಲ್ಲಿ ಶೇ. 58.6, ಹಳ್ಳಿಗಳಲ್ಲಿ ಶೇ. 43ರಷ್ಟು. ಈ ಸಮೀಕ್ಷೆ ಕೇಳೋದು ಅಡುಗೆಗೆ ಮುಖ್ಯವಾಗಿ ಬಳಸುವ ಇಂಧನ ಯಾವುದು ಅಂತ. ಹಾಗಾಗಿ ದೊಡ್ಡಮ್ಮನ ಮನೆ 'ಶುದ್ಧ' ಪಟ್ಟಿಯಲ್ಲಿ ಸೇರುತ್ತದೆ. ಬಚ್ಚಲ ಒಲೆ ಯಾವ ಕಾಲಂನಲ್ಲೂ ಇಲ್ಲ.

ನೀರಿಗೊಬ್ಬ ಇದ್ದಾನಲ್ಲ

ಸಿಲಿಂಡರ್ ಬೆಲೆ ಬಡವರ ಕೈಗೆಟುಕುವ ಹಾಗೆ ಮಾಡಿ ಅಂತ ಕೇಳುತ್ತಲೇ ಇರಬೇಕು. ಅದರ ಜೊತೆಗೆ ಸೌದೆ ಉರಿಯುವ ಮನೆಗಳಲ್ಲಿ ಹೊಗೆ ಹೊರಗೆ ಹೋಗುವ ವ್ಯವಸ್ಥೆಯೂ ಸರ್ಕಾರದ್ದೇ ಜವಾಬ್ದಾರಿ ಅಂತ ಒಪ್ಪಿಸಬೇಕು. ಇದಕ್ಕೆ ಸ್ಟೇನ್‌ಲೆಸ್ ಸ್ಟೀಲೇ ಬೇಕಂತಿಲ್ಲ. ಪಂಚಾಯ್ತಿಗೆ ಇಬ್ಬರು ಕೊಳವೆ ಕೆಲಸ ಕಲಿತವರು ಸಾಕು. ಸ್ವಸಹಾಯ ಸಂಘಗಳ ಹೆಂಗಸರಿಗೇ ತರಬೇತಿ ಕೊಡಿ, ಹೊಗೆಯ ಕಷ್ಟ ಅವರಿಗೆ ಹೇಳಿಕೊಡಬೇಕಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಮನೆಮನೆಗೆ ಹೋಗಿ ಮಸಿ ತೆಗೆಯೋದು, ಸೋರಿಕೆ ಮುಚ್ಚೋದು, ಬಚ್ಚಲ ಒಲೆಗೂ ಕೊಳವೆ ಕೂರಿಸೋದು. ಅವರಿಗೆ ಪಂಚಾಯ್ತಿಯಿಂದ ಸಂಬಳ.

ಇದೇನು ಹೊಸ ಕಲ್ಪನೆಯಲ್ಲ. ನಲ್ಲಿ ಹಾಕಿಸಿ ಸುಮ್ಮನಾದರೆ ನೀರು ಬರಲ್ಲ ಅಂತ ಗೊತ್ತಿರೋದರಿಂದಲೇ ಪ್ರತಿ ಪಂಚಾಯ್ತಿಯಲ್ಲೂ ನೀರುಗಂಟಿ ಇದ್ದಾರೆ. ಪೈಪ್ ಒಡೆದರೆ ಯಾರನ್ನು ಕರೆಯಬೇಕು ಅಂತ ಊರಿಗೆಲ್ಲ ಗೊತ್ತು. ಮುಂದಿನ ಸಲ ನಿಮ್ಮೂರಿನ ಗ್ರಾಮಸಭೆಗೆ ಹೋದರೆ ಒಂದು ಪ್ರಶ್ನೆ ಕೇಳಿ: ಹೊಗೆ ಕೊಳವೆ ಕಟ್ಟಿಕೊಂಡರೆ ಯಾರನ್ನು ಕರೆಯಬೇಕು?