ಜಿಲ್ಲೆಯಲ್ಲಿ ಎರಡು ದೊಡ್ಡಳಿಲು: ಒಂದಕ್ಕೆ ಬೆಟ್ಟವಿದೆ, ಇನ್ನೊಂದಕ್ಕೆ ಹೊಳೆದಂಡೆ ಅಷ್ಟೇ

ಕೊಳ್ಳೇಗಾಲ: ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು ಮರದ ತುದೀಲಿ ಕೆಂದಳಿಲು ನೋಡಿರ್ತೀರಿ. ಕೆಂಪು-ಕಂದು ಮೈ, ಮೈಗಿಂತ ಉದ್ದದ ಬಾಲ. ಅದರ ದಾಯಾದಿಯೊಂದು ನಮ್ಮ ಜಿಲ್ಲೆಯಲ್ಲೇ ಇದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಬೂದು ದೊಡ್ಡಳಿಲು. ಕಾವೇರಿ ವನ್ಯಧಾಮದ ಹೊಳೆದಂಡೆ ಮರಗಳೇ ಅದರ ಮನೆ.

ಎರಡೂ ಇಲಿ, ಹೆಗ್ಗಣಗಳಂತೆ ದಂಶಕ ಗುಂಪಿನವು. ಆದರೆ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಎರಡರ ಸ್ಥಾನ ಬೇರೆ ಬೇರೆ. ಕೆಂದಳಿಲು 'ಸದ್ಯಕ್ಕೆ ಆತಂಕವಿಲ್ಲ' ಅನ್ನುವ ವರ್ಗದಲ್ಲಿದೆ. ಬೂದು ಅಳಿಲು 'ಅಪಾಯದ ಅಂಚಿಗೆ ಸಮೀಪ' ಇದೆ.

ಯಾಕೆ ಈ ವ್ಯತ್ಯಾಸ? ಕೆಂದಳಿಲು ಭಾರತ ಬಿಟ್ಟು ಬೇರೆಲ್ಲೂ ಇಲ್ಲ, ನಿಜ. ಆದರೆ ಪಶ್ಚಿಮಘಟ್ಟದಿಂದ ಮಧ್ಯಭಾರತದ ಕಾಡುಗಳವರೆಗೂ ಹರಡಿಕೊಂಡಿದೆ. ಬೂದು ಅಳಿಲು ಶ್ರೀಲಂಕಾ ಬಿಟ್ಟರೆ ತಮಿಳುನಾಡು, ಕೇರಳ, ಕರ್ನಾಟಕದ ಕೆಲವೇ ತುಂಡು ಕಾಡುಗಳಲ್ಲಿದೆ.

ಕಾವೇರಿ ವನ್ಯಧಾಮ ಸಾವಿರ ಚದರ ಕಿ.ಮೀ.ಗೂ ದೊಡ್ಡದು, ಮತ್ತೇನು ಚಿಂತೆ ಅನ್ನಬಹುದು. ಲೆಕ್ಕ ಹಾಗಲ್ಲ. ಅದರಲ್ಲಿ ಬಹುಪಾಲು ಒಣ ಕುರುಚಲು ಕಾಡು. ಅಳಿಲಿಗೆ ಬೇಕಿರೋದು ಹೊಳೆಮತ್ತಿ, ಹುಣಸೆ, ನೇರಳೆಯಂಥ ಎತ್ತರದ ಮರಗಳು, ಅದೂ ಕೊಂಬೆಗೆ ಕೊಂಬೆ ತಾಗುವಂತೆ. ಅದು ನೆಲಕ್ಕಿಳಿಯೋದೇ ಅಪರೂಪ. ಸಾಲಿನಲ್ಲಿ ನಾಲ್ಕು ಮರ ಹೋದರೆ ಅದಕ್ಕೆ ದಾರಿಯೇ ಕಡಿದಂತೆ.

ಮೇಕೆದಾಟು ಯೋಜನೆ ವಿಷಯದಲ್ಲಿ ಇದು ಮುಖ್ಯ. ಬೆಂಗಳೂರಿಗೆ ಕುಡಿಯುವ ನೀರು ಬೇಕು, ತಮಿಳುನಾಡಿನ ತಕರಾರೂ ಇದೆ. ಈ ಎರಡು ಮಾತು ದಿನಾ ಕೇಳ್ತೀವಿ. ಆದರೆ 67 ಟಿಎಂಸಿ ಅಡಿಯ ಆ ಜಲಾಶಯದಲ್ಲಿ ಮುಳುಗುವ ಜಾಗದ ಬಹುಪಾಲು ಕಾಡು, ಅದರಲ್ಲೂ ಮೊದಲು ಮುಳುಗೋದು ಹೊಳೆದಂಡೆ. ಬದಲಿ ಅರಣ್ಯ ಅಂತ ಬೇರೆ ಕಡೆ ಒಣಭೂಮೀಲಿ ಗಿಡ ನೆಟ್ಟರೆ ಲೆಕ್ಕದ ಹೆಕ್ಟೇರ್ ಸರಿಹೋಗಬಹುದು. ಹಳೇ ಹೊಳೆಮತ್ತಿ ಸಾಲು ಬರಲ್ಲ.

ಹಾಗಾಗಿ ಯೋಜನೆ ಬೇಕು ಅನ್ನುವವರೂ ಬೇಡ ಅನ್ನುವವರೂ ಒಂದು ಪ್ರಶ್ನೆ ಕೇಳಲೇಬೇಕು: ಮುಳುಗುವ ಕಾಡಿನಲ್ಲಿ ಹೊಳೆದಂಡೆ ಮರಗಳು ಎಷ್ಟು, ಉಳಿಯುವ ಸಾಲುಗಳು ಒಂದಕ್ಕೊಂದು ಕೂಡಿರುತ್ತವಾ? ಎಷ್ಟು ಹೆಕ್ಟೇರ್ ಅನ್ನೋದೊಂದೇ ಉತ್ತರವಾದರೆ ಸಾಲದು. ಕೆಂದಳಿಲಿಗೆ ಬೆಟ್ಟದಲ್ಲಿ ಇನ್ನೂ ಜಾಗವಿದೆ. ಬೂದು ಅಳಿಲಿಗೆ ದಂಡೆ ಬಿಟ್ಟರೆ ನಮ್ಮ ಜಿಲ್ಲೆಯಲ್ಲಿ ಬೇರೆ ಮನೆಯಿಲ್ಲ.