ಗಂಧಕದ ಗಸಿಯೂ ಕನ್ನಡದ ನುಡಿಯೂ

ರಸಾಯನಶಾಸ್ತ್ರದ ಕಠಿನ ಪಾಠಗಳಿಗೆ ಕನ್ನಡ ಒಗ್ಗಲಾರದೆಂಬ ಮಾತು ವಿದ್ಯಾವಂತರ ಬಾಯಲ್ಲಿಯೇ ಹೆಚ್ಚಾಗಿ ಕೇಳಿಬರುತ್ತದೆ. ಇದಕ್ಕೆ ಉಡುಪಿಯ ಸೀಮೆ ಎಂದೋ ಉತ್ತರ ಕೊಟ್ಟಿದೆ. ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು 1959ರಿಂದ 1964ರ ಅವಧಿಯಲ್ಲಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಕನ್ನಡಿಗರ ಕೈಗಿತ್ತರು. ಉಡುಪಿಯಲ್ಲಿ 1949ರಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, ಮಣಿಪಾಲದಲ್ಲಿ 1957ರಲ್ಲಿ ತಾಂತ್ರಿಕ ಮಹಾವಿದ್ಯಾಲಯ, ಕಾರ್ಕಳದಲ್ಲಿ 1960ರಲ್ಲಿ ಶ್ರೀ ಭುವನೇಂದ್ರ ಕಾಲೇಜು ತಲೆಯೆತ್ತಿದವು. ಆದರೂ ಕಾಪುವಿನ ಕನ್ನಡ ಶಾಲೆಯಿಂದ ಬಂದ ವಿದ್ಯಾರ್ಥಿಯು ಪ್ರಯೋಗಶಾಲೆಯಲ್ಲಿ ಲವಣವಿಶ್ಲೇಷಣೆಗೆ ನಿಂತಾಗ ಅವನಿಗೆ ದೊರೆಯುವುದು ಬಹುಮಟ್ಟಿಗೆ ಇಂಗ್ಲಿಷಿನ ಕಂಠಪಾಠವೇ: ಎರಡನೆಯ ಗುಂಪಿಗೆ ಆಮ್ಲ, ನಾಲ್ಕನೆಯದಕ್ಕೆ ಅಮೋನಿಯಾ. ಏಕೆಂಬ ಪ್ರಶ್ನೆ ಗಂಟಲಲ್ಲೇ ಉಳಿಯುತ್ತದೆ.

ಆ 'ಏಕೆ' ಕನ್ನಡದಲ್ಲಿ ಹೇಳಬಾರದ್ದೇನಲ್ಲ. ಹೈಡ್ರೋಜನ್ ಸಲ್ಫೈಡ್ ಎಂಬ ದುರ್ಗಂಧದ ವಿಷಾನಿಲವು ನೀರಿನಲ್ಲಿ ಕರಗಿ ದುರ್ಬಲ ಆಮ್ಲವಾಗುತ್ತದೆ. ಅದರ ಅಣುವು ತನ್ನ ಎರಡು ಹೈಡ್ರೋಜನ್‌ಗಳನ್ನು ಒಂದರ ಹಿಂದೊಂದಾಗಿ, ಪರಮಲೋಭಿಯಂತೆ, ಬಿಟ್ಟುಕೊಡುತ್ತದೆ. ಎರಡನ್ನೂ ಬಿಟ್ಟಮೇಲೆ ಉಳಿಯುವುದೇ ಸಲ್ಫೈಡ್ ಅಯಾನು. ಅಗಲುವಿಕೆಯೂ ಮರಳಿ ಕೂಡುವಿಕೆಯೂ ಸರಿದೂಗಿದ ಸ್ಥಿತಿಗೆ ಸಮತೋಲವೆಂದು ಹೆಸರು. ಇದಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಸಿದರೆ ಹೈಡ್ರೋಜನ್ ಅಯಾನುಗಳ ಸಂದಣಿ ಏರಿ, ಸಲ್ಫೈಡ್ ಅಯಾನುಗಳು ಅವುಗಳೊಡನೆ ಮತ್ತೆ ಕೂಡುತ್ತವೆ. ಅನಿಲವು ತುಂಬಿ ನಿಂತ ನೀರಿನಲ್ಲಿ ಆ ಸಂದಣಿ 10 ಪಟ್ಟಾದರೆ ಸಲ್ಫೈಡ್ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆ ಅತ್ಯಲ್ಪವೂ ತಾಮ್ರಕ್ಕೆ ಸಾಕು, ಕಪ್ಪು ಗಸಿಯಾಗಿ ತಳ ಸೇರುತ್ತದೆ. ಕ್ಯಾಡ್ಮಿಯಂ ಹಳದಿಯಾಗಿ ಇಳಿಯುತ್ತದೆ. ಸತು, ಮ್ಯಾಂಗನೀಸುಗಳಿಗೆ ಅಷ್ಟು ಸಾಲದು. ಗಸಿಯನ್ನು ಸೋಸಿ ತೆಗೆದು, ಅಮೋನಿಯಾದಿಂದ ಆಮ್ಲವನ್ನು ಅಡಗಿಸಿ ಮತ್ತೆ ಅನಿಲ ಹಾಯಿಸಿದಾಗ ಸತು ಬೆಳ್ಳಗೆ, ಮ್ಯಾಂಗನೀಸು ನಸುಗೆಂಪಾಗಿ ಇಳಿಯುತ್ತವೆ.

ಇಂಥ ಭೇದವನ್ನು ಗೃಹಿಣಿಯರು ಪ್ರಯೋಗಶಾಲೆಯಿಲ್ಲದೆಯೇ ಬಲ್ಲರು. ತಾಮ್ರದ ಹಂಡೆಯ ಕಿಲುಬು ಹುಣಸೆಯ ಹುಳಿಗೆ ಕರಗುತ್ತದೆ. ಬೆಳ್ಳಿಯ ಬಟ್ಟಲಿಗೆ ಹಿಡಿದ ಕಪ್ಪು ಬೆಳ್ಳಿಯ ಸಲ್ಫೈಡು. ಅದು ಹುಳಿಗೆ ಜಗ್ಗದು, ವಿಭೂತಿಯಿಂದ ಉಜ್ಜಿಯೇ ತೆಗೆಯಬೇಕು. ಪಾಠವು ಇಲ್ಲಿಂದ ಆರಂಭವಾಗಬಾರದೇಕೆ?

ಇನ್ನು ಪರಿಭಾಷೆ. ಪಠ್ಯಗಳಲ್ಲಿ ಗಸಿಗೆ 'ಪ್ರಕ್ಷೇಪ'ವೆಂಬ ಶಬ್ದವಿದೆ. ಗ್ರಂಥಸಂಪಾದಕರಿಗೆ ಪ್ರಕ್ಷೇಪವೆಂದರೆ ಮೂಲದಲ್ಲಿಲ್ಲದೆ ಹೊರಗಿನಿಂದ ಸೇರಿದ ಪದ್ಯ. ರಸಾಯನಜ್ಞರಿಗಾದರೋ ದ್ರಾವಣದೊಳಗಿಂದಲೇ ಬೇರ್ಪಟ್ಟು ಇಳಿದದ್ದು. ಎಳೆಯರಿಗೆ ಇದು ಗೊಂದಲವೇ ಸರಿ. ಉಡುಪಿಯಲ್ಲಿ ಗಸಿಯೆಂದರೆ ತೆಂಗಿನಕಾಯಿ ಅರೆದು ಮಾಡಿದ ಪದಾರ್ಥ, ಮಕ್ಕಳು ನಕ್ಕಾರು ಎನ್ನಬಹುದು. ನಗಲಿ, ನಕ್ಕು ಕಲಿತದ್ದು ಮರೆಯದು. ಪ್ರಕ್ಷೇಪವನ್ನಾಗಲಿ ಇಂಗ್ಲಿಷ್ ಹೆಸರನ್ನಾಗಲಿ ಬಹಿಷ್ಕರಿಸುವುದು ಹಟವಾದೀತು. ಮುಂದಿನ ವ್ಯಾಸಂಗಕ್ಕೆ ಅವು ಅವಶ್ಯ. ಅರ್ಥ ಮನಸ್ಸಿಗೆ ಇಳಿದ ಮೇಲೆ ಅವು ಬರಲಿ. ಪ್ರತಿಯೊಂದು ಶಾಲೆಯಲ್ಲಿಯೂ ಕನ್ನಡ ಪಂಡಿತರೂ ವಿಜ್ಞಾನದ ಅಧ್ಯಾಪಕರೂ ವರ್ಷಾರಂಭಕ್ಕೆ ಮುನ್ನ ಜತೆಗೆ ಕುಳಿತು ಹತ್ತು ಪ್ರಯೋಗಗಳಿಗೆ ಇಂಥ ಕನ್ನಡ ವಿವರಣೆಯನ್ನು ಬರೆದಿಡುವುದು ದುಸ್ಸಾಧ್ಯವೇನಲ್ಲ. ಅದಕ್ಕೆ ಸರಕಾರದ ಆಜ್ಞೆಯೂ ಬೇಕಿಲ್ಲ, ಹಣವೂ ಬೇಕಿಲ್ಲ.