ಹೊಸ ಚಿನ್ನದ ನಾಣ್ಯ: ಆಪತ್ತಿಗೆ ಆದೀತೆ?

ಸುಗ್ಗಿ ಮುಗಿದು ಮಾಲು ಮಾರಿದ ಮೇಲೆ ಒಕ್ಕಲಿಗನ ಕೈಯಲ್ಲಿ ನಾಲ್ಕು ಕಾಸು ಆಡುವುದು ವರ್ಷಕ್ಕೆ ಒಂದೆರಡು ಸಲ ಮಾತ್ರ. ಕಾಸರಗೋಡಿನ ಕಡೆ ಅಡಿಕೆ, ಅಕ್ಕಲಕೋಟೆ-ಜತ್ತದ ಕಡೆ ಜೋಳ, ರಾಯದುರ್ಗ-ಮಡಕಶಿರಾದ ಕಡೆ ಶೇಂಗಾ. ಬೆಳೆ ಬೇರೆಯಾದರೂ ಆಗ ಏಳುವ ಪ್ರಶ್ನೆ ಒಂದೇ: ಉಳಿದ ಹಣವನ್ನು ಎಲ್ಲಿಡುವುದು? ಚಿನ್ನದಲ್ಲಿಡು ಎಂದು ಹಿರಿಯರು ಹೇಳುತ್ತ ಬಂದರು. ಆ ಮಾತನ್ನೇ ಆಧಾರವಾಗಿ ಹಿಡಿದು, ದೇವರ ಅಥವಾ ಮಹಾಪುರುಷರ ಚಿತ್ರವಿರುವ, ಅಂದದ ಪೆಟ್ಟಿಗೆಯಲ್ಲಿಟ್ಟ ಹೊಸ ಚಿನ್ನದ ನಾಣ್ಯಗಳನ್ನು "ಸಂಗ್ರಹಯೋಗ್ಯ" ಎಂದು ಹೇಳಿ ಮಾರುವವರು ಈಗ ಹೆಚ್ಚಿದ್ದಾರೆ. ಇವುಗಳಲ್ಲಿ ಹಣ ತೊಡಗಿಸುವುದು ರೈತನಿಗೆ ಯುಕ್ತವೇ? ಯುಕ್ತವಲ್ಲವೆಂಬುದೇ ನಮ್ಮ ಅಭಿಪ್ರಾಯ. ಕಾರಣಗಳನ್ನು ವಾಚಕರ ಮುಂದಿಡುತ್ತೇವೆ.

ನಾಣ್ಯಗಳಲ್ಲಿ ಎರಡು ಬಗೆ. ಒಂದು, ತೂಕಕ್ಕೆ ತಕ್ಕ ಬೆಲೆಯ ಸಾದಾ ನಾಣ್ಯ. 2015ರ ನವೆಂಬರಿನಲ್ಲಿ ಭಾರತ ಸರಕಾರ ಹೊರತಂದ, ಒಂದು ಬದಿಗೆ ಅಶೋಕ ಚಕ್ರ, ಇನ್ನೊಂದು ಬದಿಗೆ ಗಾಂಧೀಜಿಯವರ ಮುಖವಿರುವ 5 ಮತ್ತು 10 ಗ್ರಾಮಿನ ನಾಣ್ಯಗಳು ಈ ಬಗೆಯವು. ಇನ್ನೊಂದು, ಚಿನ್ನದ ಬೆಲೆಯ ಮೇಲೆ ಚಿತ್ರಕ್ಕೆ, ಪೆಟ್ಟಿಗೆಗೆ, "ಇಷ್ಟೇ ನಾಣ್ಯ ಹೊರಡಿಸಿದ್ದೇವೆ" ಎಂಬ ಮಾತಿಗೆ ಬೇರೆ ಬೆಲೆ ಕಟ್ಟಿ ಮಾರುವಂಥದು. ನಮ್ಮ ತಕರಾರು ಈ ಎರಡನೆಯದರ ಮೇಲೆ.

ಲೆಕ್ಕ ಮಾಡಿ ನೋಡೋಣ. ಲೆಕ್ಕ ಸುಲಭವಾಗಲೆಂದು ಚಿನ್ನದ ಧಾರಣೆ ಗ್ರಾಮಿಗೆ 10,000 ರೂಪಾಯಿ ಎಂದು ಇಟ್ಟುಕೊಳ್ಳಿ. ಕಾಸರಗೋಡು, ತಾಳವಾಡಿಯವರು ಒಂದು ಪವನು ಎನ್ನುವ 8 ಗ್ರಾಮಿಗೆ 80,000 ಆಯಿತು. ಚಿತ್ರದ ಹೆಸರಿನಲ್ಲಿ ನೂರಕ್ಕೆ 8ರಂತೆ ಹೆಚ್ಚು ಕೇಳಿದರೆ 6,400 ಸೇರಿತು. ಅದರ ಮೇಲೆ ನೂರಕ್ಕೆ 3ರ ಜಿಎಸ್‌ಟಿ ತೆರಿಗೆ 2,592. ಒಟ್ಟು 88,992 ರೂಪಾಯಿ ಕೈಬಿಟ್ಟಿತು. ಮರುದಿನವೇ ಮಾರಲು ಹೋದರೆ ಸರಾಫನು ಚಿತ್ರ ನೋಡುವುದಿಲ್ಲ, ತಕ್ಕಡಿ ನೋಡುತ್ತಾನೆ. ನೂರಕ್ಕೆ 2 ಕಳೆದು 78,400 ಎಣಿಸಿದನೆನ್ನಿ. ಒಂದೇ ರಾತ್ರಿಯಲ್ಲಿ 10,592 ರೂಪಾಯಿ ಲುಕ್ಸಾನು! ಹಾಕಿದ ಹಣ ಹಾಕಿದಷ್ಟೇ ಮರಳಬೇಕಾದರೂ ಚಿನ್ನದ ಧಾರಣೆ ನೂರಕ್ಕೆ ಹದಿಮೂರೂವರೆಯಷ್ಟು ಏರಬೇಕು. ಲಾಭದ ಮಾತು ಆಮೇಲೆ.

"ಮುಂದೆ ಇದು ಅಪರೂಪವಾಗುತ್ತದೆ, ಆಗ ಹತ್ತು ಪಾಲು ಬೆಲೆ ಬರುತ್ತದೆ" ಎಂದು ಮಾರುವವರು ಹೇಳುವುದುಂಟು. ಇದನ್ನು ವಿಚಾರ ಮಾಡಿ ನೋಡಬೇಕು. 1939ರ ಬೆಳ್ಳಿ ರೂಪಾಯಿ ಇಂದು ಸಿಗುವುದು ಅಪರೂಪ. ಆದರೆ ಅದನ್ನು ಯಾರೂ ಅಪರೂಪದ ವಸ್ತುವೆಂದು ಹೊರಡಿಸಲಿಲ್ಲ. ಸಂತೆ ಪೇಟೆಗಳಲ್ಲಿ ನಡೆಯುವುದಕ್ಕೆಂದು ಹೊರಡಿಸಿದ ಹಣವದು. ಹಳೆಯ ನಾಣ್ಯಗಳು ಕರಗಿದವು, ಸವೆದವು, ಕಳೆದವು. ಉಳಿದ ಕೆಲವಕ್ಕೆ ಬೆಲೆ ಬಂತು. ಇಂದಿನ ನಾಣ್ಯವನ್ನಾದರೋ ಕೊಂಡವರೆಲ್ಲರೂ ಪೆಟ್ಟಿಗೆ ಸಮೇತ ಜೋಪಾನ ಮಾಡುತ್ತಾರೆ. ಎಲ್ಲರ ಮನೆಯಲ್ಲೂ ಹೊಸದಾಗಿಯೇ ಉಳಿಯುವ ವಸ್ತು ಅಪರೂಪವಾಗುವುದು ಹೇಗೆ?

ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇವೆ. ನಮ್ಮ ಭಾವನವರು ಒಂದು ವರ್ಷ ಶೇಂಗಾ ಮಾರಿದ ಹಣದಲ್ಲಿ ಬ್ಯಾಂಕೊಂದರಿಂದ ಇಂಥ ನಾಣ್ಯ ಕೊಂಡರು. ಬ್ಯಾಂಕು ಮಾರಿದ್ದಲ್ಲವೇ, ಬ್ಯಾಂಕೇ ಕೊಳ್ಳುತ್ತದೆ ಎಂಬ ಭರವಸೆ. ಮುಂದಿನ ವರ್ಷ ಮಳೆ ತಡವಾಗಿ, ಬಿತ್ತಿದ ಬೀಜ ಹುಸಿಹೋಗಿ, ಎರಡನೆಯ ಸಲ ಬೀಜ ತರಲು ಹಣ ಬೇಕಾಯಿತು. ಬ್ಯಾಂಕುಗಳು ತಾವು ಮಾರಿದ ನಾಣ್ಯವನ್ನು ಮರಳಿ ಕೊಳ್ಳಲು ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲವೆಂಬುದು ಅವರಿಗೆ ತಿಳಿದದ್ದು ಆ ದಿನ. ಅಲ್ಲಿಂದ ಸರಾಫರ ಅಂಗಡಿಗೆ ಹೋದರೆ ಬರೀ ತೂಕದ ಬೆಲೆ. ಹದವಾದ ಮಳೆ ಬಿದ್ದ ಎರಡು ದಿನ ಪೇಟೆ ಅಲೆಯುವುದರಲ್ಲೇ ಕಳೆದವು. ಆಪತ್ತಿಗಾದವನೇ ನೆಂಟ ಎನ್ನುತ್ತಾರೆ. ಈ ನೆಂಟ ಪೆಟ್ಟಿಗೆಯಲ್ಲಿ ಕುಳಿತು ನಗುತ್ತಿದ್ದ.

ಒಡವೆಗೂ ಮಜೂರಿ ಹೋಗುತ್ತದಲ್ಲ ಎಂದು ಕೆಲವರು ಕೇಳಬಹುದು. ನಿಜ. ಆದರೆ ಒಡವೆಯನ್ನು ಮನೆಯ ಹೆಣ್ಣುಮಗಳು ತೊಡುತ್ತಾಳೆ. ಸಾಲಕ್ಕೂ ಅದು ಹೆಚ್ಚು ಅನುಕೂಲ: ನಾಣ್ಯದ ಮೇಲೆ ಬ್ಯಾಂಕು ಕೊಡುವ ಸಾಲಕ್ಕೆ ಒಬ್ಬರಿಗೆ 50 ಗ್ರಾಮಿನ ಮಿತಿಯಿದೆ, ಒಡವೆಗೆ ಅಷ್ಟು ಬಿಗಿಯಿಲ್ಲ.

ಹಾಗಾದರೆ ರೈತನು ಮಾಡಬೇಕಾದದ್ದೇನು? ಮೊದಲು ಕೈಸಾಲ ತೀರಿಸಿರಿ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ 24. ಅದನ್ನು ತಪ್ಪಿಸುವುದೇ ದೊಡ್ಡ ಗಳಿಕೆ. ಬಳಿಕ ಬೀಜ, ಗೊಬ್ಬರದ ಹಣವನ್ನು ಬೇಕೆಂದಾಗ ಸಿಗುವ ಕಡೆ ಇಡಿರಿ. ಆಮೇಲೂ ಉಳಿದರೆ ಚಿನ್ನ ಕೊಳ್ಳಿರಿ, ಬೇಡವೆನ್ನುವುದಿಲ್ಲ. ಆದರೆ ಸಾದಾ ನಾಣ್ಯವನ್ನೇ ಕೊಳ್ಳಿರಿ. ತೂಕವನ್ನು ಗ್ರಾಮಿನಲ್ಲೇ ಕೇಳಿರಿ, ಏಕೆಂದರೆ ಹಳೆಯ ತೊಲ 11.66 ಗ್ರಾಂ, ಇಂದು ಪೇಟೆಯಲ್ಲಿ ತೊಲವೆಂದರೆ 10 ಗ್ರಾಂ. ಶುದ್ಧತೆಯ ಅಂಕಿ 999ರೋ 916ರೋ ನೋಡಿರಿ. 22 ಕ್ಯಾರೆಟ್ಟಿನ ಸವರನ್ನು 7.98 ಗ್ರಾಂ ತೂಗಿದರೂ ಅದರಲ್ಲಿ ಅಪ್ಪಟ ಚಿನ್ನ 7.32 ಗ್ರಾಂ ಮಾತ್ರ. ರಸೀತಿ ಬರೆಸಿಕೊಳ್ಳಿರಿ. ಹಣ ಕೊಡುವ ಮುನ್ನವೇ "ಇದನ್ನು ನಾಳೆ ತಂದರೆ ನೀವೇ ಎಷ್ಟಕ್ಕೆ ಕೊಳ್ಳುವಿರಿ?" ಎಂದು ಕೇಳಿರಿ. ಉತ್ತರ ತಡವರಿಸಿದರೆ ಎದ್ದು ಬನ್ನಿರಿ.

ಮಗಳ ಮದುವೆಗೋ ಮೊಮ್ಮಗನ ನಾಮಕರಣಕ್ಕೋ ಪ್ರೀತಿಯಿಂದ ಚಿತ್ರದ ನಾಣ್ಯ ಕೊಡುವವರನ್ನು ನಾವು ತಡೆಯುವುದಿಲ್ಲ. ಅದು ಉಡುಗೊರೆ, ಉಡುಗೊರೆಗೆ ಲಾಭ-ನಷ್ಟದ ಲೆಕ್ಕವಿಲ್ಲ. ಬೀಜದ ಹಣಕ್ಕೆ ಮಾತ್ರ ಲೆಕ್ಕವಿದೆ.